ಮಟಮಟ ಮಧ್ಯಾಹ್ನ ಹೆದರಿಸಿದ ದಾದಾ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಯಾರೂ ತಾಕೀತು ಮಾಡಿಲ್ಲ. ಆದರೆ ಹೋದ ತಿಂಗಳು ಅವರು ಜೈನ ದೀಕ್ಷೆ ತೆಗೆದುಕೊಂಡರು. ಈಗ ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲ, ಬರಿಗಾಲು, ದಿನಕ್ಕೊಂದೇ ಹೊತ್ತಿನ ಆಹಾರ. ಹೆಸರೂ ಬೇರೆಯಾಗಿದೆ. ಅವರು ಬಿಚ್ಚಿಟ್ಟುಹೋದ ಹಳೆಯ ಹೆಸರನ್ನು ನಾನು ಎತ್ತಿಕೊಂಡು ಊರತುಂಬ ತೋರಿಸುತ್ತ ತಿರುಗುವುದು ಸರಿಯಲ್ಲ. ಚಿಕ್ಕೋಡಿಯ ನಮಗೆಲ್ಲ ಅವರು ದಾದಾ. ಅಷ್ಟೇ ಸಾಕು.

ದಾದಾ ಮದುವೆಯ ವಿಡಿಯೋ ತೆಗೆಯುವವರು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಅಕ್ಷತೆ ಬಿದ್ದರೂ ಅಲ್ಲಿ ಅವರ ಕ್ಯಾಮರಾ. ಊರವರ ಮದುವೆಯನ್ನೆಲ್ಲ ತೆಗೆದ ಮನುಷ್ಯ ತಾನು ಮಾತ್ರ ಮದುವೆಯಾಗಲಿಲ್ಲ. ಕೇಳಿದರೆ, "ದಿನಾ ನೋಡ್ತೀನಲ್ರಿ, ಸಾಕಾಗೇತಿ" ಅನ್ನುತ್ತಿದ್ದರು. ಮದುವೆಯ ಹಂಗಾಮು ಮುಗಿದದ್ದೇ ತಡ, ಅದೇ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ದೆವ್ವದ ಪಿಕ್ಚರ್ ತೆಗೆಯಲು ಹೊರಡುವರು. ಅದಕ್ಕೊಂದು ಕಂಪನಿ ಕಟ್ಟಿದ್ದರು, ಬೋರ್ಡು ಬರೆಸಿದ್ದರು. ಆದರೆ ಮಂದಿ ಕರೆದದ್ದು 'ದೆವ್ವದ ಕಂಪನಿ' ಅಂತಲೇ. ಕಂಪನಿ ಅಂದರೆ ಮೂರೇ ಜನ. ದಾದಾ ನಿರ್ದೇಶಕರು, ಕ್ಯಾಮರಾದವರು. ಕರೋಶಿಯ ಮಾಸ್ತರು ಕತೆ, ಸಂಗೀತ, ನಾಯಕ ಎಲ್ಲ. ಮೂರನೆಯವಳು ನಾನು. ನಾನು ದೆವ್ವ.

ಗಾಬರಿಯಾಗಬೇಡಿ. ನಾನು ಬಸ್ ಕಂಡಕ್ಟರ್. ವಾರದ ರಜೆಯ ದಿನ ಮಾತ್ರ ದೆವ್ವ.

ನಾನು ದೆವ್ವವಾದದ್ದು ನಿಪ್ಪಾಣಿ ಬಸ್ಸಿನಲ್ಲಿ. ಬಾಗಿಲ ಮೆಟ್ಟಿಲ ಮೇಲೆ ಜೋತು ನಿಂತವನೊಬ್ಬ ಒಳಗೆ ಬಾ ಎಂದರೆ ಬರಲಿಲ್ಲ. ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳಲಿಲ್ಲ, ಸುಮ್ಮನೆ ಅವನನ್ನೇ ನೋಡಿದೆ. ಅವನು ಕುಯ್ಯೆನ್ನದೆ ಒಳಗೆ ಬಂದು ಮೂಲೆ ಹಿಡಿದ. ಆಗ ಮುಂದಿನ ಸೀಟಿನಲ್ಲಿದ್ದ ಇಸ್ತ್ರಿ ಅಂಗಿಯ ಮನುಷ್ಯ, ಅವರೇ ದಾದಾ, ಎದ್ದು ನಿಂತು, ತುಂಬಿದ ಬಸ್ಸಿನಲ್ಲಿ, ಎರಡೂ ಕೈ ಜೋಡಿಸಿ ಕೇಳಿದರು: "ಅಕ್ಕಾರ, ನೀವು ನಮ್ಮ ಪಿಕ್ಚರನ್ಯಾಗ ದೆವ್ವ ಆಗ್ತೀರೇನ್ರಿ?"

ನನ್ನ ಮೈಯೆಲ್ಲ ಉರಿದುಹೋಯಿತು. ಸೀಟಿ ಹೊಡೆದು ಅಲ್ಲಿಯೇ ಇಳಿಸಿಬಿಡುತ್ತಿದ್ದೆ. ನಮ್ಮ ಡ್ರೈವರ್ ಮೀಸೆಯೊಳಗೇ ನಗುತ್ತ, "ಆಗ್ರಿ ಬಾಯಾರ, ಮೇಕಪ್ಪಿನ ಖರ್ಚು ಉಳೀತೈತಿ" ಅಂದ. ಆ ಮಾತಿಗೆ ಬಂದ ಸಿಟ್ಟಿಗೇ ನಾನು ಹೂಂ ಅಂದುಬಿಟ್ಟೆ. ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಸೀರಿ ಅವರು ಕೊಡ್ತಾರೋ, ನಮ್ಮದ?"

ಮೊದಲ ದಿನ ನಾನು ಕೇಳಿದೆ, ಶೂಟಿಂಗು ರಾತ್ರಿ ಎಷ್ಟು ಹೊತ್ತಿಗೆ ಅಂತ. ದಾದಾ ನನ್ನನ್ನು ಕೆಟ್ಟ ಮಾತಾಡಿದವಳಂತೆ ನೋಡಿದರು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹೋಗುವುದಿಲ್ಲ. ತಾವು ಉಣ್ಣುವುದಿಲ್ಲ, ಇನ್ನೊಬ್ಬರಿಗೆ ಬಡಿಸುವುದೂ ಇಲ್ಲ. ನಮ್ಮನ್ನು ರಾತ್ರಿ ದುಡಿಸಿದರೆ ಉಪವಾಸ ಕೆಡವಬೇಕಾಗುತ್ತದೆ. ಹಾಗಾಗಿ ಐದಕ್ಕೆ ಪ್ಯಾಕಪ್ಪು, ಸೂರ್ಯ ಕಾಣುತ್ತಿರುವಾಗಲೇ ಊಟ. ದೆವ್ವದ ಪಿಕ್ಚರಿಗೆ ಕತ್ತಲೆಯೇ ಇಲ್ಲದಿದ್ದರೆ ಹೇಗೆ ದಾದಾ ಅಂದೆ.

"ಕತ್ತಲದಾಗ ಎಲ್ಲಾರೂ ಹೆದರ್ತಾರ್ರಿ ಅಕ್ಕಾರ. ಸಣ್ಣ ಇಲಿ ಓಡಿದರೂ ಹೆದರ್ತಾರ. ಅದರಾಗ ನಮ್ಮದೇನ ದೊಡ್ಡಸ್ತನ? ಮಟಮಟ ಮಧ್ಯಾಹ್ನದಾಗ ಹೆದರಿಸಬೇಕು. ಬಿಸಿಲಾಗ ನಿಂತಾವ ನಡುಗಬೇಕು."

ಮಾತು ಕೇಳಿ ನನಗೇ ಮೈ ಜುಮ್ಮೆಂದಿತು. ಆದರೆ ಒಬ್ಬರೂ ಹೆದರಲಿಲ್ಲ, ಅದೇ ಅವರ ಗೋಳು. ವರ್ಷಕ್ಕೊಂದರಂತೆ ಪಿಕ್ಚರ್ ತೆಗೆದು ಮೊಬೈಲಿಗೆ ಬಿಟ್ಟರು, ಮದುವೆಯ ಕಾರ್ಯಾಲಯಗಳಲ್ಲಿ ಪರದೆ ಕಟ್ಟಿ ತೋರಿಸಿದರು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಪ್ಪಾಣಿಯ ಹಳೆಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಒಂದು ಪಿಕ್ಚರ್ ತೆಗೆದೆವು. ಎಂಥ ಜಾಗ ಅಂತೀರಿ! ತಗಡಿನ ತೂತಿನಿಂದ ಕೋಲಿನಂತೆ ಇಳಿದ ಬಿಸಿಲು, ಸುತ್ತಲೂ ಮೌನ. ನಾನು ಮೆಲ್ಲಗೆ ನಡೆದು ಬಂದು ಮಾಸ್ತರರ ಕೊರಳಿಗೆ ಕೈ ಹಾಕಬೇಕು. ಎಷ್ಟೋ ವರ್ಷದ ತಂಬಾಕಿನ ಧೂಳು ಮೂಗಿಗೇರಿ ನಾನು ಸೀನಿದೆ. ಮಾಸ್ತರರೂ ಸೀನಿದರು. ಕ್ಯಾಮರಾ ಹಿಂದಿನಿಂದ ದಾದಾನೂ ಸೀನಿದರು. ಸಂಜೆಯತನಕ ಸೀನದ ಒಂದು ಶಾಟ್ ಸಿಗಲಿಲ್ಲ. ಕೊನೆಗೆ ಸೀನುವ ದೆವ್ವವನ್ನೇ ಇಟ್ಟರು. ಆಮೇಲೆ ಎರಡು ವರ್ಷ ನನ್ನ ಬಸ್ಸಿನಲ್ಲಿ ಯಾರು ಸೀನಿದರೂ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು.

ಅವರ ಪಿಕ್ಚರಿನಲ್ಲಿ ರಕ್ತವೂ ಇಲ್ಲ. ಸೀಗಿ ಹುಣ್ಣಿಮೆಯಾದ ಮೇಲೆ ಗೌರಿ ಹುಣ್ಣಿಮೆಗೆ ನಾನು ಅವರಿಗೆ ಸಕ್ಕರೆ ಆರತಿ ಒಯ್ದುಕೊಡುತ್ತಿದ್ದೆ. ಅದರಲ್ಲಿನ ಸಕ್ಕರೆ ಅಚ್ಚಿನ ಆನೆ, ಒಂಟೆ, ಗಿಳಿಗಳನ್ನೆಲ್ಲ ಬೇರೆ ತೆಗೆದಿಟ್ಟು ಗೋಪುರವನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುವರು. ಸಕ್ಕರೆಯದಾದರೂ ಆನೆ ಆನೆಯೇ, ಕಡಿಯಬೇಕೆಂಬ ಮನಸ್ಸು ಬಂದರೆ ಕಡಿದಂತೆಯೇ ಎಂಬುದು ಅವರ ಲೆಕ್ಕ. ಹೀಗಿರುವಾಗ ಮಾಸ್ತರರು ಒಂದು ದಿನ, ಪಾಪ, ಬೀಟ್‌ರೂಟ್ ಅರೆದು ಬಾಟಲಿ ತುಂಬ ರಕ್ತ ಮಾಡಿಕೊಂಡು ಬಂದರು. ದಾದಾ ಬಾಟಲಿಯನ್ನು ದೂರದಿಂದಲೇ ನೋಡಿ, "ಮಾಸ್ತರ, ಒಂದು ರಕ್ತ, ಮ್ಯಾಲ ಗಡ್ಡಿ! ಎರಡೂ ಒಂದ ಬಾಟ್ಲಿಯಾಗ ತಂದೀರಲ್ರಿ!" ಅಂದರು. ನೆಲದೊಳಗೆ ಬೆಳೆಯುವ ಗಡ್ಡೆಯನ್ನು ಅವರು ಮುಟ್ಟುವವರಲ್ಲ. ಮಾಸ್ತರರು ಆ ರಕ್ತವನ್ನು ಮನೆಗೊಯ್ದು ಸಾರು ಮಾಡಿಸಿ ಉಂಡರು.

ಮಾಸ್ತರರ ಬಗ್ಗೆ ಎರಡು ಮಾತು ಹೇಳಬೇಕು. ಅವರು ಸಾಲೆಯಲ್ಲಿ ವಿಜ್ಞಾನ ಕಲಿಸುವವರು, ಬೌದ್ಧರು. ದೇವರು ದೆವ್ವ ಎರಡನ್ನೂ ನಂಬುವವರಲ್ಲ. ಆದರೂ ದೆವ್ವದ ಕತೆ ಬರೆಯಲು ಕೂತರೆ ಎದ್ದು ಚಹಾ ಕುಡಿಯುವುದನ್ನೂ ಮರೆಯುವರು. ಇವರಿಬ್ಬರೂ ಜಗಳವಾಡಿದ್ದನ್ನು ಕೂಡಿಸಿದರೆ ಅದೇ ಒಂದು ಪಿಕ್ಚರ್ ಆದೀತು.

ಎರಡು ವರ್ಷದ ಹಿಂದೆ ದಾದಾ ನಮ್ಮಿಬ್ಬರನ್ನೂ ಸ್ಟುಡಿಯೋದಲ್ಲಿ ಕೂರಿಸಿ ತಾವು ದೀಕ್ಷೆ ತೆಗೆದುಕೊಳ್ಳಬೇಕೆಂದಿರುವುದನ್ನು ಹೇಳಿದರು. ಮಹಾರಾಜರನ್ನು, ಅಂದರೆ ದೀಕ್ಷೆ ಕೊಡುವ ಮುನಿಗಳನ್ನು, ಕೇಳಿದ್ದರಂತೆ. ಮನಸ್ಸಿನಲ್ಲಿ ಏನಾದರೂ ಉಳಿದಿದೆಯೇನು ಅಂತ ಮಹಾರಾಜರು ಕೇಳಿದರಂತೆ. ಇವರು ಸುಳ್ಳು ಹೇಳುವ ಪೈಕಿ ಅಲ್ಲ.

"ಉಳಿದೈತಿ ಅಂದೆ. ಒಮ್ಮಿ, ಒಂದ ಒಮ್ಮಿ, ನನ್ನ ಪಿಕ್ಚರ್ ನೋಡಿ ಯಾರರೆ ಖರೇನ ಚೀರಬೇಕು ಅಂದೆ."

"ಅದಕ್ಕ ಮಹಾರಾಜರೇನಂದ್ರು?" ಮಾಸ್ತರರ ಕುತೂಹಲ ತಡೆಯಲಾಗಲಿಲ್ಲ.

"ನಕ್ಕರು. ಆಮ್ಯಾಲ ಅಂದ್ರು, ಅದನ್ನ ಗಂಟು ಕಟ್ಟಿಕೊಂಡ ಬರಬ್ಯಾಡ. ತೀರಿಸಿಕೊಂಡರ ಬಾ, ಇಲ್ಲಾ ಬಿಟ್ಟರ ಬಾ. ಅದಕ್ಕ ಇದು ಕಡೀ ಪಿಕ್ಚರ್. ಯಾರೂ ಚೀರಲಿಲ್ಲಂದ್ರ ನಾ ಬಿಟ್ಟೆ."

ಬಿಟ್ಟೆ ಅನ್ನುವಾಗ ಅವರ ದನಿ ಸಣ್ಣಗಾಯಿತು. ಅವರಿಗೆ ಬಿಡಲು ಮನಸ್ಸಿರಲಿಲ್ಲ, ನನಗದು ಚೆನ್ನಾಗಿ ಗೊತ್ತಾಯಿತು. ಮಾಸ್ತರರು ಅಂದೇ ಮನೆಗೆ ಹೋಗಿ ಕತೆ ಬರೆದರು. ಬಹಳ ವರ್ಷದ ಮೇಲೆ ಊರಿಗೆ ಬಂದವನೊಬ್ಬ. ಮನೆಯಲ್ಲಿ ಎಲ್ಲರೂ ನಗುನಗುತ್ತ ಮಾತಾಡಿಸುತ್ತಾರೆ. ಆದರೆ ಅವರೊಳಗೆ ಒಬ್ಬರು ಬದುಕಿಲ್ಲ. ಯಾರು? ನೆರಳಿಲ್ಲದವರೇ ದೆವ್ವ. ನೆರಳಿಲ್ಲದ ದೆವ್ವ ನಾನು.

ಬಿಸಿಲಲ್ಲಿ ನಿಂತವಳ ನೆರಳನ್ನು ಎಲ್ಲಿ ಬಚ್ಚಿಡುವುದು? ಕಂಪ್ಯೂಟರಿನಲ್ಲಿ ಅಳಿಸಬಹುದೆಂದು ಕೊಲ್ಲಾಪುರದ ಒಬ್ಬರು ಹೇಳಿದರು. ದಾದಾ ಒಪ್ಪಲಿಲ್ಲ, ಅದು ಮೋಸ. ಮಾಸ್ತರರು ಕುಣಿದಾಡುತ್ತ ಬಂದರು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನಟ್ಟನಡು ನೆತ್ತಿಗೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕೋಲಿಗೂ ನೆರಳಿರುವುದಿಲ್ಲ. ಆಗಸ್ಟಿನಲ್ಲಿ ಮೋಡ. ಉಳಿದದ್ದು ಮೇ ತಿಂಗಳ ಮೊದಲ ವಾರ. ಅದೂ ಒಂದೆರಡು ದಿನ, ಕೆಲವೇ ನಿಮಿಷ!

ದಾದಾ ಆ ದಿನದ ಒಂದು ಮದುವೆಯನ್ನು ಬೇರೆಯವರಿಗೆ ಒಪ್ಪಿಸಿದರು. ನಾನು ರಜೆ ಹಾಕಿದೆ. ಕಾಗವಾಡದ ಕಡೆ ಅವರ ಅಣ್ಣನ ತೋಟದ ಮನೆಯ ಅಂಗಳದಲ್ಲಿ ಹನ್ನೊಂದಕ್ಕೇ ನಿಂತೆವು. ಬೆನ್ನು ಸುಟ್ಟು ಹೋಗುತ್ತಿತ್ತು. ಸರಿಯಾಗಿ ಹನ್ನೆರಡಕ್ಕೆ ದಾದಾ ಕೈಯೆತ್ತಿದರು, ನಾನು ನಡೆದೆ. ಕಾಲ ಬುಡದಲ್ಲಿ ಗೇಣುದ್ದ ನೆರಳು ನಾಯಿಮರಿಯಂತೆ ನನ್ನ ಜೊತೆಗೇ ಬಂತು. ಇನ್ನೊಮ್ಮೆ ನಡೆದೆ, ಮತ್ತೆ ಬಂತು. ಪುಸ್ತಕ ಸುಳ್ಳು ಹೇಳಿತು ಅಂತ ಎಲ್ಲರೂ ಮುಖ ಇಳಿಬಿಟ್ಟು ಊಟಕ್ಕೆ ಕೂತೆವು. ದಾದಾನ ವೈನಿ, ಅಂದರೆ ಅಣ್ಣನ ಹೆಂಡತಿ, ರೊಟ್ಟಿ ಬಡಿಸಿದರು. ಎರಡನೆಯ ರೊಟ್ಟಿ ಹಾಕಲು ಬಂದ ವೈನಿ ಬಾಗಿಲಾಚೆ ನೋಡಿ ಅಂದರು: "ಏನ್ರಿ ಇದು, ಬಟ್ಟಿ ಹಾಕೂ ಗಳಕ್ಕ ನೆರಳ ಇಲ್ಲ!"

ತಾಟು ಬಿಟ್ಟು ಎದ್ದೆವು. ಎಂಜಲು ಕೈಯಲ್ಲೇ ಓಡಿದೆವು. ಕ್ಯಾಮರಾ ಕಾಲು ಬಿಚ್ಚುವಷ್ಟರಲ್ಲಿ ಗಳದ ಬುಡದಿಂದ ಕರಿಯ ಗೆರೆಯೊಂದು ಇನ್ನೊಂದು ಮಗ್ಗುಲಿಗೆ ಚಾಚಿಬಿಟ್ಟಿತ್ತು. ಮಾಸ್ತರರು ಹಣೆ ಹಣೆ ಚಚ್ಚಿಕೊಂಡರು. ಗಡಿಯಾರದ ಹನ್ನೆರಡು ಇಡೀ ದೇಶದ ಹನ್ನೆರಡಂತೆ. ನಮ್ಮೂರ ಸೂರ್ಯನಿಗೆ ಹನ್ನೆರಡಾಗುವುದು ಹನ್ನೆರಡೂವರೆಗೆ ಎರಡು ನಿಮಿಷ ಮೊದಲು. "ನಲವತ್ತು ಹುಡುಗರಿಗೆ ವರ್ಷಾ ಇದನ್ನ ಕಲಿಸ್ತೀನ್ರಿ ನಾನು!" ಎಂದು ಅವರು ಅಳುವುದೊಂದು ಬಾಕಿ. ಮರುದಿನ ಮೋಡ ಕವಿಯಿತು. ದೀಕ್ಷೆ ಒಂದು ವರ್ಷ ಮುಂದೆ ಹೋಯಿತು. ಖರೇ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಗಿತ್ತು.

ಮುಂದಿನ ಮೇ ತಿಂಗಳು ಯಾರೂ ಊಟದ ಮಾತೆತ್ತಲಿಲ್ಲ. ಮಾಸ್ತರರು ಅಂಗಳದಲ್ಲಿ ಕೋಲು ನೆಟ್ಟು ಅದರ ನೆರಳನ್ನೇ ಕಾಯುತ್ತ ಕೂತರು. "ನಾಕ ಬೆರಳೈತಿ! ಮೂರ ಬೆರಳು!" ಎಂದು ಕೂಗುತ್ತಿದ್ದರು. ಇನ್ನು ಐದು ನಿಮಿಷವಿದೆ ಅನ್ನುವಾಗ ದಾದಾ ಕ್ಯಾಮರಾದ ಬುಡಕ್ಕೆ ಬಗ್ಗಿ ನೋಡಿ ಹೌಹಾರಿದರು. ಇರುವೆಯ ಸಾಲು! ಕ್ಯಾಮರಾದ ಕಾಲುಗಳ ನಡುವೆಯೇ ಇರುವೆಗಳು ಗೂಡು ಬದಲಿಸುತ್ತಿದ್ದವು. ಕ್ಯಾಮರಾ ಹಿಡಿದು ಅಲ್ಲಿ ಒಂದು ಹೆಜ್ಜೆ ಇಟ್ಟರೂ ಹತ್ತಾರು ಸಾಯುತ್ತಿದ್ದವು.

"ದಾದಾ, ನಿಮಗ ಕೈ ಮುಗೀತೀನಿ, ಇದೊಂದ ಸಲ ಬಿಡ್ರಿ!" ಮಾಸ್ತರರು ಚೀರಿದರು. "ಒಂದ ಬೆರಳು ಉಳಿದೈತಿ!"

"ಆಗೂದಿಲ್ಲ ಮಾಸ್ತರ." ಅಷ್ಟೇ. ಇಡೀ ಕ್ಯಾಮರಾವನ್ನು ಎತ್ತಿ ಎದೆಗವಚಿಕೊಂಡು ಹಿಂದೆ ಹಿಂದೆ ಹೋದರು. ಇರುವೆ ಇಲ್ಲದ ಜಾಗ ಸಿಕ್ಕಿದ್ದು ಹಿಂದಿನ ಕಟ್ಟೆಯ ಮೇಲೆ, ಅಷ್ಟು ದೂರದಲ್ಲಿ! ಮಾಸ್ತರರು ಕೋಲು ಕಿತ್ತುಕೊಂಡು ಓಡಿ ಕಟ್ಟೆಯ ಬುಡಕ್ಕೆ ಬಂದರು. ದಾದಾ ಅಲ್ಲಿಂದಲೇ ಕೈಯೆತ್ತಿದರು. ನಾನು ನಡೆದೆ. ಕೆಳಗೆ ನೋಡಬಾರದೆಂದು ಹೇಳಿದ್ದರೂ ನೋಡಿದೆ. ಇರಲಿಲ್ಲ! ನನ್ನ ನೆರಳು ಇರಲೇ ಇಲ್ಲ! ಶಾಟ್ ಮುಗಿದದ್ದೇ ದಾದಾ ಆ ವಯಸ್ಸಿನಲ್ಲಿ ಕಟ್ಟೆಯಿಂದ ಹಾರಿ ಇಳಿದು ಮಾಸ್ತರರನ್ನು ತಬ್ಬಿಕೊಂಡರು.

ಆ ಸಂತೋಷ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂರುವತನಕ ಇತ್ತು. ನಾನು ನಡೆದು ಬರುತ್ತಿದ್ದೆ, ನೆರಳಿಲ್ಲ. ಆಹಾ! ಆದರೆ ಕ್ಯಾಮರಾ ಹಿಂದೆ ಸರಿದದ್ದರಿಂದ ಇಡೀ ಅಂಗಳ ಚಿತ್ರದೊಳಗೆ ಬಂದಿತ್ತು. ಜೋಳ ಹಸನು ಮಾಡುತ್ತ ವೈನಿ ಕೂತಿದ್ದರು, ಅವರ ಪಕ್ಕದಲ್ಲಿ ನೆರಳಿಲ್ಲ. ದಾದಾನ ಅಣ್ಣ ಕೊಡ ಹೊತ್ತು ನಿಂತಿದ್ದರು, ನೆರಳಿಲ್ಲ. ಬಟ್ಟೆ ಹಾಕುವ ಎರಡು ಗಳಗಳಿಗೂ ಇಲ್ಲ. ಮಾಸ್ತರರು ಕುರ್ಚಿಯಲ್ಲಿ ಕುಸಿದರು. "ಸೂರ್ಯಾ ಎಲ್ಲಾರಿಗೂ ಒಬ್ಬಾನ ಅಲ್ರಿ! ದೆವ್ವಕ್ಕಷ್ಟ ನೆರಳ ತಗದು ಬ್ಯಾರೇದವರಿಗೆ ಹೆಂಗ ಬಿಡ್ತಾನ! ಎರಡು ವರ್ಷದಾಗ ನಮಗ ಮೂರೂ ಮಂದಿಗೆ ಇದು ಹೊಳೀಲಿಲ್ಲಲ್ರಿ!"

ಹೊಳೆದಿರಲಿಲ್ಲ. ನೋಡಿ, ಇಂಥ ಬುದ್ಧಿವಂತರ ಕಂಪನಿ ನಮ್ಮದು.

ದಾದಾ ಚಿತ್ರವನ್ನು ಇನ್ನೊಮ್ಮೆ ಓಡಿಸಿದರು. ಮತ್ತೊಮ್ಮೆ ಓಡಿಸಿದರು. ಆಮೇಲೆ ನಿಧಾನಕ್ಕೆ ನಮ್ಮ ಕಡೆ ತಿರುಗಿದರು. ಅವರ ಮುಖ ನೋಡಿ ನಾನು ಹೆದರಿದೆ.

"ಮಾಸ್ತರ, ಅಕ್ಕಾರು ಒಬ್ಬರ ದೆವ್ವ ಅಲ್ಲ. ಮನ್ಯಾಗ ಇರಾವರೆಲ್ಲಾ ದೆವ್ವನ. ಬದುಕಿದಾವ ಊರಿಗೆ ಬಂದಾವ ಒಬ್ಬನ."

ಮರುದಿನವೇ ಓಡಿದೆವು. ಸಂಜೆ ನಾಲ್ಕರ ಬಿಸಿಲಿನಲ್ಲಿ ಮಾಸ್ತರರನ್ನು ಅದೇ ಅಂಗಳದ ಬಾಗಿಲಲ್ಲಿ ನಿಲ್ಲಿಸಿ ಒಂದು ಶಾಟ್ ತೆಗೆದರು. ಅವರ ಕಾಲಿನಿಂದ ಉದ್ದಾನುದ್ದ ಕರಿಯ ನೆರಳು ಮನೆಯ ಹೊಸ್ತಿಲತನಕ ಬಿದ್ದಿತ್ತು. ಆಮೇಲೆ ಮನೆಯವರು ಒಟ್ಟಿಗೆ ತಲೆಯೆತ್ತಿ ನಗುವುದನ್ನು, ನೆಲ ಕಾಣದಂತೆ ಬರೀ ಮುಖಗಳನ್ನಷ್ಟೇ ಹಿಡಿದು, ಇನ್ನೊಂದು ಶಾಟ್ ತೆಗೆದರು.

ಚಿಕ್ಕೋಡಿಯ ಒಂದು ಕಾರ್ಯಾಲಯದಲ್ಲಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಪ್ರದರ್ಶನ. ಕಿಟಕಿಗಳಿಗೆ ತಾಡಪಾಲು ಕಟ್ಟಿದ್ದೆವು. ಕೊಕಟನೂರಿನಿಂದ, ಚಿಂಚಲಿಯಿಂದ ಕೂಡ ಮಂದಿ ಬಂದಿದ್ದರು, ಎಲ್ಲರೂ ನಗಲಿಕ್ಕೇ ತಯಾರಾಗಿ ಬಂದವರು. ನಮ್ಮ ಡ್ರೈವರ್ ಮೊದಲ ಸಾಲಿನಲ್ಲಿ ಕಾಲು ಚಾಚಿ ಶೇಂಗಾ ಒಡೆಯುತ್ತ ಕೂತಿದ್ದ. ಪರದೆಯ ಮೇಲೆ ನಾನು ಬಂದದ್ದೇ ತಡ, "ಬಾಯಾರ, ನಿಪ್ಪಾಣಿ ಎರಡ ಕೊಡ್ರಿ!" ಅಂದ. ಸಭೆಗೆ ಸಭೆಯೇ ಗೊಳ್ಳೆಂದಿತು. ನಾನು ಹಿಂದೆ ಗೋಡೆಗೆ ಒರಗಿ ಹಲ್ಲು ಕಡಿದೆ. ದಾದಾ ಬಾಗಿಲ ಹತ್ತಿರ ಕಣ್ಣು ಮುಚ್ಚಿ ನಿಂತಿದ್ದರು. ಮುಗಿಯಿತು, ಆಸೆಯನ್ನು ಬಿಟ್ಟೇ ಹೋಗುತ್ತಾರೆ ಅಂದುಕೊಂಡೆ.

ಆಗ ಆ ಅಂಗಳ ಬಂತು. ಫಳಫಳ ಬಿಸಿಲು. ಮಾಸ್ತರರು ಸಂಗೀತವನ್ನೆಲ್ಲ ತೆಗೆದುಹಾಕಿ ವೈನಿಯ ಮೊರದ ಸದ್ದನ್ನು ಮಾತ್ರ ಉಳಿಸಿದ್ದರು. ನಾನು ನಡೆದು ಬಂದೆ. "ಹೌದಲೇ, ಆಕಿಗೆ ನೆರಳಿಲ್ಲ" ಎಂದು ಯಾರೋ ಅಂದರು. ನಗು ಅರ್ಧಕ್ಕೆ ನಿಂತಿತು. ಆಮೇಲೆ ಹೆಂಗಸರ ಸಾಲಿನಿಂದ ಒಂದು ಮುದುಕಿಯ ದನಿ, ಮೆಲ್ಲಗೆ: "ಯವ್ವಾ, ಯಾರಿಗೂ ಇಲ್ಲವಾ..."

ಶೇಂಗಾ ಒಡೆಯುವ ಸದ್ದು ನಿಂತಿತು. ಪರದೆಯ ಮೇಲೆ ಮಾಸ್ತರರ ಕಾಲು ಕಂಡಿತು. ಕಾಲಿನಿಂದ ಹೊಸ್ತಿಲತನಕ ಬಿದ್ದ ಆ ಒಂದೇ ಒಂದು ನೆರಳು ಕಂಡಿತು. ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿ ಆ ನೆರಳನ್ನು ನೋಡಿದರು, ನಕ್ಕರು.

ಚೀರಿದ್ದು ನಮ್ಮ ಡ್ರೈವರ್! ಆ ಮೀಸೆಯ ಗಂಡಸು "ಯಪ್ಪಾಽ!" ಎಂದು ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಅವನ ಹಿಂದೆ ಹೆಂಗಸರು ಚೀರಿದರು, ಗಂಡಸರು ಚೀರಿದರು. ಇಡೀ ಕಾರ್ಯಾಲಯ ಚೀರಿತು. ನಾನೂ ಚೀರಿದೆ, ಆದರೆ ಅದು ಖುಷಿಗೆ. ಗೆದ್ದೆವು! ದಾದಾ ಗೆದ್ದರು! ಮಾಸ್ತರರು ಕುಣಿಯುತ್ತಿದ್ದರು. ನಾನು ದಾದಾನ ಕಡೆ ತಿರುಗಿದೆ. ಅವರ ಕಣ್ಣಿಂದ ದಳದಳ ನೀರು ಹರಿಯುತ್ತಿತ್ತು.

ಪಿಕ್ಚರ್ ಮುಗಿಯಿತು. ಮಂದಿ ಹೊರಬೀಳುವ ಬಾಗಿಲಲ್ಲಿ ದಾದಾ ಕೈಜೋಡಿಸಿ ನಿಂತಿದ್ದರು. ವಂದನೆ ಹೇಳುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಕೇಳಿಸಿತು. ಒಬ್ಬೊಬ್ಬರಿಗೂ ಬಗ್ಗಿ ಬಗ್ಗಿ ಹೇಳುತ್ತಿದ್ದರು: "ನಿಮ್ಮನ್ನ ಹೆದರಿಸಿದೆ, ಕ್ಷಮಾ ಮಾಡ್ರಿ." ಮುದುಕಿಗೆ, ಕೂಸನ್ನೆತ್ತಿಕೊಂಡವಳಿಗೆ, ಶೇಂಗಾದ ಸಿಪ್ಪೆ ಮೈಗಂಟಿದ ನಮ್ಮ ಡ್ರೈವರನಿಗೆ. ಅವನಂತೂ ಏನು ಮಾಡಬೇಕೋ ತಿಳಿಯದೆ ಅವರ ಕಾಲಿಗೇ ಬಿದ್ದ. "ಇಷ್ಟ ವರ್ಷಾ ಯಾರೂ ಹೆದರಿರಲಿಲ್ಲ ನೋಡ್ರಿ," ಎಂದು ಮಾಸ್ತರರು ನನ್ನ ಕಿವಿಯಲ್ಲಿ ಅಂದರು, "ಅದಕ್ಕ ಕ್ಷಮಾ ಕೇಳೂ ಪ್ರಸಂಗ ಬಂದಿರಲಿಲ್ಲ." ನಗಿಸಬೇಕೆಂದು ಹೇಳಿದ ಮಾತು, ಅವರಿಗೇ ನಗಲಾಗಲಿಲ್ಲ. ದೀಕ್ಷೆಗೆ ಹೊರಟ ದಾದಾ ಯಾರಿಗೂ ಒಂದು ಕಡ್ಡಿಯಷ್ಟು ನೋವನ್ನೂ ಉಳಿಸಿ ಹೋಗುವಂತಿಲ್ಲವಲ್ಲ. ಬಯಸಿದ್ದು ಕೈಗೆ ಬಂದು ಅರ್ಧ ತಾಸಾಗಿರಲಿಲ್ಲ, ಆಗಲೇ ಬಾಗಿಲಲ್ಲಿ ನಿಂತು ಹಂಚಿ ಖಾಲಿ ಮಾಡುತ್ತಿದ್ದರು.

ಕೊನೆಯವಳು ನಾನು.

"ಅಕ್ಕಾರ, ಕ್ಷಮಾ ಮಾಡ್ರಿ."

"ನಾ ಎಲ್ಲಿ ಹೆದರೀನ್ರಿ ದಾದಾ? ನಾನ ದೆವ್ವ."

"ಹಂಗಾರ ಅಳಾಕತ್ತೀರಿ ಯಾಕ?"

ಇನ್ನು ಸುಳ್ಳು ಹೇಳಿ ಉಪಯೋಗವಿರಲಿಲ್ಲ. "ನೀವು ಹೊಂಟೀರಿ ಅಂತ ಹೆದರಿಕಿ ಬಂದೈತ್ರಿ."

ಅವರು ಮತ್ತೆ ಕೈ ಜೋಡಿಸಿದರು. "ಅದೂ ನಾ ಹೆದರಿಸಿದ್ದನ ಆತು. ಅದಕ್ಕೂ ಕ್ಷಮಾ ಮಾಡ್ರಿ."

ಸಿಟ್ಟು ಬಂತು. ಇಲ್ಲ ಅನ್ನಬೇಕೆನ್ನಿಸಿತು. ಮಾಡುವುದಿಲ್ಲ, ಇನ್ನೊಂದು ಪಿಕ್ಚರ್ ತೆಗೆಯಿರಿ, ಆಮೇಲೆ ನೋಡೋಣ ಅನ್ನಬೇಕೆನ್ನಿಸಿತು. ಅವರು ಕೈ ಇಳಿಸದೆ ಕಾಯುತ್ತಿದ್ದರು. ಎಷ್ಟು ಹೊತ್ತಾದರೂ ಕಾಯುವವರೇ ಅವರು.

"ಮಾಡೀನ್ರಿ," ಅಂದೆ. "ಹೋಗಿ ಬರ್ರಿ."

ದಾದಾ ನಕ್ಕರು. ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ ಬಾಯಿಂದ ಆಡಬಾರದ ಮಾತನ್ನು, ಹಬ್ಬದ ಸುದ್ದಿ ಹೇಳುವಷ್ಟು ಸಂತೋಷದಿಂದ ಹೇಳಿದರು.

"ಹೋಗ್ತೀನ್ರಿ ಅಕ್ಕಾರ."